ಬೀಗ ಹಾಕಿದ ಬಾಗಿಲೆದುರು ಟ್ರಂಪೆಟ್

ಫಲಕ್ ನದಾಫಳಿಗೆ ಟ್ರಂಪೆಟ್ ಸಿಕ್ಕಿದ್ದು ಶಾಲೆಯಲ್ಲಿ. ಆರನೇ ಗ್ರೇಡಿನ ಬ್ಯಾಂಡ್ ಕ್ಲಾಸಿನಲ್ಲಿ ಹೆಣ್ಣುಮಕ್ಕಳಿಗೆಲ್ಲ ಫ್ಲೂಟು, ಕ್ಲಾರಿನೆಟ್ಟು ಹಂಚುತ್ತಿದ್ದ ಮೇಷ್ಟ್ರು ಇವಳ ಕೈಗೂ ಒಂದು ಕ್ಲಾರಿನೆಟ್ ಕೊಡಲು ಬಂದರಂತೆ. ಇವಳು ಕಪಾಟಿನ ಕಡೆ ಬೆರಳು ತೋರಿಸಿ, ಅದು ಬೇಕು ಅಂದಳು. ಅದು ಸಾಮಾನ್ಯವಾಗಿ ಹುಡುಗರು ಊದೋದಮ್ಮ, ತುಟಿ ನೋಯುತ್ತೆ ಅಂದರು. ನೋಯಲಿ ಅಂದಳು.

ಇದನ್ನೆಲ್ಲ ಹೇಳುತ್ತಿರುವ ನನ್ನ ಹೆಸರು ಇಂದು, ನಾನು ಅವರ ಪಕ್ಕದ ಮನೆಯವಳು. ಅಮೆರಿಕದ ಮಿಷಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ಬೇಲಿ ಹಾಕಬಾರದು ಅನ್ನುವ ನಿಯಮವಿದೆ. ಹಾಗಾಗಿ ಅವರ ಹಿತ್ತಲು ಎಲ್ಲಿ ಮುಗಿಯುತ್ತದೆ, ನಮ್ಮದು ಎಲ್ಲಿ ಶುರುವಾಗುತ್ತದೆ ಅಂತ ಹುಲ್ಲು ಕತ್ತರಿಸುವವನಿಗೆ ಮಾತ್ರ ಗೊತ್ತು. ಆ ಹುಡುಗಿ ಊದಿದ ಮೊದಲ ಅಪಸ್ವರದಿಂದ ಹಿಡಿದು ಎಲ್ಲವನ್ನೂ ಕೇಳಿದವಳು ನಾನು. ನನ್ನ ತವರು ಮೈಸೂರು. ಅವಳ ಅಪ್ಪ ಅಲೀಮ್ ನದಾಫರದು ಗದಗ. ಅವರು ಕಾರು ಕಂಪನಿಯೊಂದರಲ್ಲಿ ಗೇರ್‌ಬಾಕ್ಸ್ ವಿನ್ಯಾಸ ಮಾಡುವ ಎಂಜಿನಿಯರ್. ತಾಯಿ ಅಸ್ಗರಿ ಫಾರ್ಮಸಿಸ್ಟ್. ಮನೆಯೊಳಗೆ ಅವರದು ಉರ್ದು, ನನ್ನ ಜೊತೆ ಗದಗಿನ ಕನ್ನಡ, ಮಗಳ ಜೊತೆ ಎಲ್ಲ ಕಲಸಿದ್ದು. ಮಗಳು ಮಾತ್ರ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ನಾನು ಅದನ್ನೂ ಕನ್ನಡದಲ್ಲೇ ಹೇಳಿಬಿಡುತ್ತೇನೆ.

ಅಲೀಮ್ ಅವರಿಗೆ ಆ ಟ್ರಂಪೆಟ್ ಕಂಡರೆ ಆಗುತ್ತಿರಲಿಲ್ಲ. ಅವಳು ಪೆಟ್ಟಿಗೆ ತೆರೆದಳು ಅಂದರೆ ಇವರು ಎದ್ದು ಮನೆಯ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದರು, ಜುಲೈ ತಿಂಗಳ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಖೆಯಲ್ಲೂ. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ಇರಬೇಕು ಅಂದುಕೊಂಡು ನಾನೇ ಒಮ್ಮೆ, "ನಮಗೇನೂ ತೊಂದರೆ ಇಲ್ಲ ಅಲೀಮ್ ಅವರೇ, ಊದಲಿ ಬಿಡಿ" ಅಂದೆ. ಅವರು, "ಅದಲ್ರೀ ಅಕ್ಕಾರ" ಅಂದು ಒಳಗೆ ಹೋಗಿಬಿಟ್ಟರು.

ಹೈಸ್ಕೂಲು ಮುಗಿದಾಗ ಫಾರ್ಮಸಿ ಓದು ಅಂದರು. ಅವಳು ಸಂಗೀತಕ್ಕೆ ಅಪ್ಲೈ ಮಾಡಿದಳು. ಓದು ಮುಗಿಸಿ ನಾಲ್ಕು ಊರುಗಳಲ್ಲಿ ಆಡಿಷನ್ ಕೊಟ್ಟು ಸೋತು ಬಂದಳು. ಐದನೆಯದು ನಮ್ಮೂರಿಂದ ಅರ್ಧ ಗಂಟೆ ದೂರದ ಸ್ಟ್ರೇಟ್ಸ್ ನ್ಯಾಷನಲ್ ಸಿಂಫನಿ ಅನ್ನುವ ಆರ್ಕೆಸ್ಟ್ರಾದಲ್ಲಿ. ಊದುವವರು ಯಾರೆಂದು ಕಾಣದಿರಲಿ ಅಂತ ಮಧ್ಯೆ ಪರದೆ, ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗದಿರಲಿ ಅಂತ ನೆಲಕ್ಕೆ ಕಾರ್ಪೆಟ್. ಪರದೆ ಸರಿಸಿ ಹೆಸರು ಕೇಳಿದಾಗ ಸಮಿತಿಯ ಅಧ್ಯಕ್ಷನಿಗೆ 'ನದಾಫ' ಅನ್ನಲು ಬರಲಿಲ್ಲವಂತೆ. ಪರವಾಗಿಲ್ಲ ಬಿಡಿ ಅನ್ನದೆ, ಸರಿಯಾಗಿ ಬರುವ ತನಕ ಅವನ ಬಾಯಲ್ಲಿ ಹೇಳಿಸಿ ಬಂದಳು. ಎರಡನೇ ಟ್ರಂಪೆಟ್‌ನ ಕುರ್ಚಿ ಅವಳದಾಯಿತು.

ಆ ಆರ್ಕೆಸ್ಟ್ರಾದ ಚರಿತ್ರೆಯನ್ನು ಅವಳು ಕಲಿತದ್ದು ವಾಲ್ಟರ್ ಎಂಬುವರಿಂದ. ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ನುಡಿಸುವ, ಎಪ್ಪತ್ತು ದಾಟಿದ ಕರಿಯ ಮುದುಕರು. ಅವರ ತಂದೆ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಕೆಲಸದಲ್ಲಿದ್ದರು, ಚೆಲ್ಲೋ ನುಡಿಸುತ್ತಿದ್ದರು. ಮಹಾಯುದ್ಧ ಮುಗಿದ ಮೇಲೆ ಅಂಥವರು ಆ ಕಾರ್ಖಾನೆಯಲ್ಲಿ ಬಹಳ ಜನ. ಪೋಲೆಂಡಿನಿಂದ ಓಡಿಬಂದವರು, ಹಂಗೇರಿಯವರು, ಲೆಬನಾನಿನವನೊಬ್ಬ, ಚರ್ಮದ ಬಣ್ಣದಿಂದಾಗಿ ಬೇರೆಲ್ಲೂ ಕುರ್ಚಿ ಸಿಗದ ಕರಿಯರು. ಶಿಫ್ಟ್ ಮುಗಿಸಿ, ಕೈಯ ಎಣ್ಣೆ ತೊಳೆದು, ಕಾರ್ಮಿಕರ ಯೂನಿಯನ್ ಹಾಲ್‌ನಲ್ಲಿ ಕೂತು ನುಡಿಸತೊಡಗಿದರು. 1949ರಲ್ಲಿ ಮೊದಲ ಕಛೇರಿ. ಹೆಸರಿನಲ್ಲಿ 'ನ್ಯಾಷನಲ್' ಅಂತ ಇಟ್ಟಾಗ ಯಾರೋ ನಕ್ಕು, ಯಾವ ನೇಷನ್ನಿನದ್ದಪ್ಪಾ ಅಂದರಂತೆ. "ನಿಮಗೆ ಬೇಡವಾದವರ ನೇಷನ್" ಅಂದರಂತೆ ವಾಲ್ಟರ್ ತಂದೆ.

ಹತ್ತು ಹನ್ನೆರಡು ವರ್ಷವಾದ ಮೇಲೆ ಒಬ್ಬ ಕಾರ್ಖಾನೆ ಮಾಲೀಕ ಅವರಿಗೆ ದೊಡ್ಡ ಹಾಲ್ ಕಟ್ಟಿಸಿಕೊಟ್ಟ. ಹಾಲ್ ಬಂತು, ಹಾಲ್ ಜೊತೆ ಆಡಳಿತ ಮಂಡಳಿ ಬಂತು. ಮಂಡಳಿ ಸಂಬಳ ಕಡಿಮೆ ಮಾಡಲು ನೋಡಿದಾಗಲೆಲ್ಲ ವಾದಕರು ಮುಷ್ಕರ ಹೂಡಿದರು. ಒಮ್ಮೆಯಂತೂ ಇಡೀ ಚಳಿಗಾಲ ನುಡಿಸಲಿಲ್ಲ. ವಾಲ್ಟರ್ ಆಗ ಹುಡುಗ. ಅವರ ಮನೆಯ ಸೂಪಿನ ಪಾತ್ರೆಗೆ ಇಡೀ ಪಿಟೀಲು ವಿಭಾಗವೇ ಬಂದು ಉಂಡು ಹೋಗುತ್ತಿತ್ತಂತೆ.

ಎಪ್ಪತ್ತೈದನೇ ವರ್ಷಕ್ಕೆ ಮಂಡಳಿ ಒಂದು ಚರಿತ್ರೆಯ ಪುಸ್ತಕ ಮಾಡಿಸಿತು. ನುಣುಪು ಕಾಗದ, ದಪ್ಪ ರಟ್ಟು. ಮುಖಪುಟಕ್ಕೆ ಫಲಕಳ ಫೋಟೋ ಬೇಕು ಅಂದರು. ಕಂದು ಬಣ್ಣದ ಹುಡುಗಿ, ಬಂಗಾರದ ಬಣ್ಣದ ಟ್ರಂಪೆಟ್, ಚೆನ್ನಾಗಿ ಕಾಣುತ್ತದೆ ತಾನೇ. ಅವಳು ಒಳಗಿನ ಪುಟ ನೋಡಬೇಕು ಅಂದಳು. ಮೊದಲ ಸಾಲೇ ಹಾಲ್ ಕಟ್ಟಿಸಿದ ಮಾಲೀಕನಿಂದ ಶುರುವಾಗಿತ್ತು. ಯೂನಿಯನ್ ಹಾಲ್ ಇಲ್ಲ, ಮುಷ್ಕರಗಳಿಲ್ಲ, ವಾಲ್ಟರ್ ತಂದೆಯ ಹೆಸರೂ ಇಲ್ಲ.

"ಇವರೆಲ್ಲ ಪುಸ್ತಕದೊಳಗೆ ಬರುವ ತನಕ ನನ್ನ ಮುಖ ಹಾಕಬೇಡಿ" ಅಂದಳು.

ಮಂಡಳಿಯ ಅಧ್ಯಕ್ಷ ಹಾಲ್ವರ್ಸನ್ ಒಳ್ಳೆಯ ಮಾತುಗಾರ. "ಇದು ಹಬ್ಬದ ಪುಸ್ತಕ ಫಲಕ್. ಮನೆಯ ಜಗಳಗಳನ್ನು ಯಾರಾದರೂ ಹಬ್ಬದ ದಿನ ತೆಗೀತಾರಾ?" ಅಂದ.

"ಹಾಗಾದರೆ ಮನೆಯನ್ನು ಕಟ್ಟಿದವರ ಹೆಸರಾದರೂ ಹಾಕಿ."

ಮುಖಪುಟಕ್ಕೆ ಹಾಲ್‌ನ ಚಿತ್ರ ಹಾಕಿಕೊಂಡರು.

ಅದೇ ಶರತ್ಕಾಲದಲ್ಲಿ ಮಂಡಳಿ ಹೊಸ ಒಪ್ಪಂದ ಮುಂದಿಟ್ಟಿತು. ಅರ್ಧದಷ್ಟು ವಾದಕರನ್ನು ತೆಗೆಯುವುದು, ಉಳಿದವರನ್ನು ಬೇಕೆಂದಾಗ ಮಾತ್ರ ಕರೆಯುವುದು. ವಾದಕರು ಸಹಿ ಹಾಕಲಿಲ್ಲ. ಮರುದಿನ ರಿಹರ್ಸಲ್‌ಗೆ ಹೋದರೆ ಬಾಗಿಲಿಗೆ ಬೀಗ, ಒಳಗೆ ಗಾರ್ಡ್. ಕೆಲವರ ವಾದ್ಯಗಳು ಒಳಗೇ ಇದ್ದವು. ಅವನ್ನು ಹಿಂದಿನ ಬಾಗಿಲಿಂದ ಒಂದೊಂದಾಗಿ ಕೈಗೆ ಕೊಟ್ಟರಂತೆ.

ಅವರು ಮನೆಗೆ ಹೋಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲೇ ಅರ್ಧಚಂದ್ರವಾಗಿ ನಿಂತು ಅವತ್ತಿನ ರಿಹರ್ಸಲ್ ಮುಗಿಸಿದರು. ಮುಂದಿನ ವಾರವೂ ಹೋದರು, ಅದರ ಮುಂದಿನ ವಾರವೂ. ಡಿಸೆಂಬರ್ ಬಂದು ಹದಿನೈದು ಡಿಗ್ರಿ ಫ್ಯಾರನ್‌ಹೀಟ್‌ಗೆ, ನೀರು ಹೆಪ್ಪುಗಟ್ಟುವುದಕ್ಕೂ ಎಷ್ಟೋ ಕೆಳಗೆ ಇಳಿದಾಗ ಪಿಟೀಲಿನವರು ಮರ ಬಿರಿಯುತ್ತದೆಂದು ವಾದ್ಯ ಕಾರಿನಲ್ಲಿಟ್ಟು, ಬೋರ್ಡು ಹಿಡಿದು ನಿಂತರು. ಹಿತ್ತಾಳೆ ವಾದ್ಯದವರು ಊದಿದರು. ಆ ಚಳಿಯಲ್ಲಿ ಲೋಹಕ್ಕೆ ತುಟಿ ಅಂಟಿಕೊಂಡು ಚರ್ಮ ಕಿತ್ತು ಬರುತ್ತದೆ. ಫಲಕ್ ಪ್ಲಾಸ್ಟಿಕ್ ಮೌತ್‌ಪೀಸ್ ಹಾಕಿಕೊಂಡಳು. ಒಳಗೆ ಹೋದ ಉಸಿರು ಹೆಪ್ಪುಗಟ್ಟಿ ಗುಂಡಿಗಳು ಒತ್ತಲು ಬರದಾದಾಗ ಟ್ರಂಪೆಟನ್ನು ಕೋಟಿನೊಳಗೆ ಎದೆಗಪ್ಪಿಕೊಂಡು ಬೆಚ್ಚಗೆ ಮಾಡಿ, ಮತ್ತೆ ಊದಿದಳು. ಟೀವಿಯವರು ಬಂದು ಅದನ್ನೇ ತೋರಿಸಿದರು.

ಆ ವಾರವೇ ಹಾಲ್ವರ್ಸನ್ ಅವಳಿಗೆ ಫೋನ್ ಮಾಡಿದ. ಏಪ್ರಿಲಿನಲ್ಲಿ ಎಪ್ಪತ್ತೈದನೇ ವರ್ಷದ ಕಛೇರಿ ನಡೆದೇ ನಡೆಯುತ್ತದೆ, ಶಿಕಾಗೋ ಕಡೆಯಿಂದ ಬಾಡಿಗೆಗೆ ವಾದಕರು ಬರುತ್ತಾರೆ, ಅವರ ಜೊತೆ ನೀನೂ ಒಳಗೆ ಬಾ, ಈ ಸಲ ಎರಡನೆಯದಲ್ಲ, ಮೊದಲ ಟ್ರಂಪೆಟ್ ನಿನ್ನದೇ ಅಂದ. ಅವಳು ಬೇಡ ಅಂದು ಫೋನಿಟ್ಟು ನೇರ ನನ್ನ ಅಡುಗೆಮನೆಗೆ ಬಂದಳು. ಅವಳ ಹಿಂದೆಯೇ ಅಲೀಮ್ ಅವರೂ ಬಂದರು. ಅಂಗಳದ ಹಿಮದಲ್ಲಿ ಚಪ್ಪಲಿಯಲ್ಲೇ ನಡೆದು ಬಂದಿದ್ದರು.

"ನೀವ ಹೇಳ್ರಿ ಅಕ್ಕಾರ ಇಕಿಗೆ. ಮೊದಲ್ನೇ ಕುರ್ಚಿ ಕೊಡ್ತೀವಿ ಅಂತಾರ. ಬ್ಯಾಡ ಅಂದ್ಲಂತ! ಬಂದು ಬಂದು ಆ ಪಾರ್ಕಿಂಗ್ ಲಾಟಿನ್ಯಾಗ ಊದ್ತಾಳ. ಆಫೀಸಿನ್ಯಾಗ ಎಲ್ಲಾರೂ ಟೀವಿ ನೋಡ್ಯಾರ."

"ನೋಡಲಿ" ಅಂದಳು ಫಲಕ್.

"ನಮ್ಮಪ್ಪ ಜೀವಮಾನ ಪೂರಾ ಬೀದ್ಯಾಗ ಊದಿದ. ನನ್ನ ಮಗಳೂ ಬೀದ್ಯಾಗ ನಿಂತು ಊದೋದನ್ನ ನೋಡಾಕ ನಾ ಇಲ್ಲಿತನಾ ಬಂದೇನೇನು?"

ನಾನೂ ಅವಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜನಿಗೆ ಗದಗದಲ್ಲಿ ಅಂಗಡಿ ಇತ್ತು ಅಂತಷ್ಟೇ ಅವಳಿಗೆ ಗೊತ್ತಿದ್ದದ್ದು. ಅಂಗಡಿ ಇದ್ದದ್ದು ನಿಜ ಅಂತ ಅಲೀಮ್ ಅವರು ಆಗ ಬಿಡಿಸಿ ಹೇಳಿದರು. ಅದರಲ್ಲಿದ್ದದ್ದು ಮದುವೆಯ ಬ್ಯಾಂಡ್ ಕಂಪನಿ. ಕೆಂಪು ಕೋಟು, ಡ್ರಮ್ಮು, ಕ್ಲಾರಿನೆಟ್ಟು. ಅಜ್ಜ ಮೆರವಣಿಗೆಯ ಮುಂದೆ ನಡೆಯುತ್ತ ಊದುತ್ತಿದ್ದರು. ಅಷ್ಟು ವರ್ಷ ಆ ಮನುಷ್ಯ ಕಿಟಕಿ ಮುಚ್ಚಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

"ಯಾಕೆ ಹೇಳಲೇ ಇಲ್ಲ ಅಬ್ಬಾ?" ಅಂದಳು.

"ಹೇಳಾಕ ಏನೈತಿ? ಯಾರರೆ ಊದು ಅಂದ್ರ ಊದಾಂವ, ನಿಲ್ಲಿಸು ಅಂದ್ರ ನಿಲ್ಲಸಾಂವ. ಒಬ್ಬರಿಗೂ ಒಲ್ಲೆ ಅಂದಾಂವಲ್ಲ. ನೋಡಿ ನೋಡಿ ನನಗ ಸಾಕಾಗಿತ್ತು."

"ನಾನು ಒಲ್ಲೆ ಅಂತಿದೀನಿ." ಆ 'ಒಲ್ಲೆ' ಒಂದನ್ನು ಮಾತ್ರ ಅವಳು ಕನ್ನಡದಲ್ಲೇ ಅಂದಳು, ಗದಗಿನವರ ಹಾಗೆಯೇ.

ಅಲೀಮ್ ಅವರು ಹಿಮದಲ್ಲಿ ಹಾಗೇ ವಾಪಸು ಹೋದರು. ಸುಮಾರು ದಿನ ಅಪ್ಪ ಮಗಳ ನಡುವೆ ಮಾತಿರಲಿಲ್ಲ.

ಬಾಡಿಗೆಯ ವಾದಕರು ಶಿಕಾಗೋ ವಿಮಾನ ನಿಲ್ದಾಣದ ಪಕ್ಕದ ಡೆಸ್ ಪ್ಲೇನ್ಸ್‌ನ ಒಂದು ಹೋಟೆಲಿನಲ್ಲಿ ಮೊದಲ ಸಲ ಸೇರುತ್ತಾರೆ ಅನ್ನುವ ಸುದ್ದಿ ಮಾರ್ಚಿನಲ್ಲಿ ಸಿಕ್ಕಿತು. ಫಲಕ್ ಅಲ್ಲಿಗೆ ಹೋಗುತ್ತೇನೆ ಅಂದಳು. ಒಬ್ಬಳೇ ಅಷ್ಟು ದೂರ ಡ್ರೈವ್ ಮಾಡುವುದು ಬೇಡ ಅಂತ ಅಸ್ಗರಿ ನನ್ನನ್ನು ಜೊತೆಗೆ ಕಳಿಸಿದಳು. ಹೋಗಿ ಏನು ಮಾಡ್ತೀಯ ಅಂತ ದಾರಿಯಲ್ಲಿ ಕೇಳಿದೆ. "ಕೇಳ್ತೀನಿ, ಬರಬೇಡಿ ಅಂತ" ಅಂದಳು.

ಹೋಟೆಲಿನ ಲಾಬಿಯಲ್ಲಿ, ತಲೆಯ ಮೇಲೆ ವಿಮಾನಗಳು ಗುಡುಗುತ್ತಿರುವಾಗ, ವಾದ್ಯದ ಪೆಟ್ಟಿಗೆ ಹಿಡಿದವರು ಬರುತ್ತಿದ್ದ ಹಾಗೇ ಒಬ್ಬೊಬ್ಬರ ಎದುರೂ ಹೋಗಿ ನಿಂತಳು. "ನಾನು ಫಲಕ್ ನದಾಫ. ನೀವು ಕೂರಲಿರುವ ಕುರ್ಚಿಗಳಲ್ಲಿ ಒಂದು ನನ್ನದು. ನಾವು ಬಿಟ್ಟು ಹೋಗಿದ್ದಲ್ಲ, ನಮ್ಮನ್ನು ಹೊರಗಿಟ್ಟು ಬೀಗ ಹಾಕಿದಾರೆ. ದಯವಿಟ್ಟು ಬರಬೇಡಿ." ಕೆಲವರು ನಿಂತು ಕೇಳಿದರು. ಬಹಳ ಜನ ನೆಲ ನೋಡಿಕೊಂಡು ದಾಟಿಹೋದರು. ಒಬ್ಬಾಕೆ, ಇದು ನನಗೆ ಗೊತ್ತೇ ಇರಲಿಲ್ಲ ಅಂದು ಬಂದ ಕಾರಿನಲ್ಲೇ ತಿರುಗಿ ಹೋದಳು.

ಫಲಕಳ ಕುರ್ಚಿಗೆ ಬರಲಿದ್ದವನು ಋಷಿ ಅನ್ನುವ ಹುಡುಗ. ಶಿಕಾಗೋ ಕಡೆಯ ಪ್ಲೇನ್‌ಫೀಲ್ಡ್‌ನವನು, ಅಪ್ಪ ಅಮ್ಮ ಹಾಸನದವರು. ಹೆಸರು ಕೇಳಿ ನನಗೆ ಜೀವ ಬಂದ ಹಾಗಾಯಿತು. "ನಮ್ಮವನೇ ಆಗಿ ನೀನೇ ಹೀಗೆ ಮಾಡೋದಾ?" ಅಂದೆ.

ಅವನಿಗೆ ಸಿಟ್ಟು ಬಂತು. "ಆಂಟಿ, ಇವರು ಕಳ್ಕೊಂಡಿರೋದು ಇವರ ಹತ್ತಿರ ಇದ್ದ ಕೆಲಸ. ನನಗೆ ಅಂಥ ಕೆಲಸ ಯಾವತ್ತೂ ಸಿಕ್ಕೇ ಇಲ್ಲ. ಚರ್ಚು, ಮದುವೆ, ಜಾಹೀರಾತು, ಎಲ್ಲಿ ಕರೆದರೆ ಅಲ್ಲಿ ಹೋಗಿ ಊದಿದೀನಿ. ಮೊದಲನೇ ಸಲ ಒಂದು ದೊಡ್ಡ ವೇದಿಕೆ ಸಿಕ್ಕಿದೆ. ಬೇಡ ಅನ್ನಬೇಕಾ?"

"ಹೌದು" ಅಂದಳು ಫಲಕ್.

"ಅದನ್ನು ಕೇಳೋಕೆ ನಿಮಗೇನು ಹಕ್ಕಿದೆ?"

"ಇಲ್ಲ. ಆದರೂ ಕೇಳ್ತಿದೀನಿ. ಇವತ್ತು ನನ್ನ ಬಾಗಿಲಿಗೆ ಬೀಗ ಹಾಕಿದವರು ನಾಳೆ ನಿಮಗೂ ಹಾಕ್ತಾರೆ."

ಅವನು ಒಳಗೆ ಹೋದ. ನಾವು ವಾಪಸು ಹೊರಟೆವು. ಮಿಷಿಗನ್ ಗಡಿ ದಾಟಿದ ಮೇಲೆ, "ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಆಂಟಿ" ಅಂದಳು. ಲೇನ್ ಬದಲಿಸುತ್ತ, "ನಾನು ಹೇಳಿದ್ದೂ ಸುಳ್ಳಲ್ಲ" ಅಂದಳು.

ಹೊರಗಿಟ್ಟ ವಾದಕರು ಒಂದು ನಿರ್ಧಾರ ಮಾಡಿದ್ದರು. ಮಂಡಳಿಯ ಕಛೇರಿ ನಡೆಯುವ ಶನಿವಾರವೇ ತಮ್ಮದೂ ಒಂದು ಕಛೇರಿ. ಆದರೆ ಜಾಗ ಸಿಗಲಿಲ್ಲ. ಹಾಲ್ವರ್ಸನ್‌ನ ಸ್ನೇಹಿತರಿಲ್ಲದ ಚರ್ಚಿಲ್ಲ, ಕಾಲೇಜಿಲ್ಲ. ಎಲ್ಲರೂ ಮೊದಲು ಹೂಂ ಅಂದು ಆಮೇಲೆ ಬೇಡ ಅಂದರು. ಅದೇ ಶನಿವಾರ ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಹೈಸ್ಕೂಲಿನ ಆಡಿಟೋರಿಯಂ ಬುಕ್ ಆಗಿತ್ತು. ನಾನು ಕಮಿಟಿಯಲ್ಲಿದ್ದೆ. ಮಧ್ಯಾಹ್ನದ ನಾಟಕವನ್ನು ಬಿಟ್ಟು ಆ ಹೊತ್ತನ್ನು ಇವರಿಗೆ ಕೊಡೋಣ ಅಂದೆ.

ಕೂಟದ ಅಧ್ಯಕ್ಷ ಮನೋಹರ್ ಗಾಬರಿಯಾದರು. "ಯುಗಾದಿಗೆ ಸಿಂಫನಿ ಯಾಕೆ ಇಂದು ಅವರೇ? ಮುಷ್ಕರ, ಗಲಾಟೆ ಇದೆಲ್ಲ ನಮಗೆ ಬೇಕಾ? ಆಮೇಲೆ, ಅವರೇನು ನಮ್ಮ ಮೆಂಬರ್ರಾ?"

"ಅಲೀಮ್ ನದಾಫರ ಮೆಂಬರ್‌ಶಿಪ್ ನಿಮ್ಮದಕ್ಕಿಂತ ಹಳೇದು" ಅಂದೆ. "ನೀವು ಈ ದೇಶಕ್ಕೆ ಬರೋ ಮುಂಚೆ ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿದವರು ಅವರು."

"ಆದರೂ..."

"ಗಲಾಟೆ ಅಂದರೆ ಭಯ ಇರೋರು ಕೈ ಎತ್ತಿ. ನೋಡೋಣ."

ಯಾರೂ ಎತ್ತಲಿಲ್ಲ. ನಾಟಕದ ಮಂದಿ ನನ್ನ ಮೇಲೆ ಇವತ್ತಿಗೂ ಮುನಿಸಿಕೊಂಡಿದ್ದಾರೆ.

ಆ ದಿನ ಆಡಿಟೋರಿಯಂ ತುಂಬಿತ್ತು. ಮುಂದಿನ ಸಾಲುಗಳಲ್ಲಿ ರೇಷ್ಮೆ ಸೀರೆ, ಜುಬ್ಬಾ. ಆರ್ಕೆಸ್ಟ್ರಾದ ಹಳೆಯ ಕೇಳುಗರು ಕೋಟು ಹಾಕಿಕೊಂಡು ಬಂದು, ಬೇವು ಬೆಲ್ಲವನ್ನು ಅಂಗೈಯಲ್ಲಿ ಹಿಡಿದು ಏನು ಮಾಡುವುದೆಂದು ತಿಳಿಯದೆ ಕೂತಿದ್ದರು. ಮಕ್ಕಳ ಡ್ಯಾನ್ಸ್ ಮುಗಿದ ಮೇಲೆ ವಾದಕರು ಬಂದರು. ವಾಲ್ಟರ್ ಮೈಕಿನ ಮುಂದೆ ನಿಂತು, ಪುಸ್ತಕದಲ್ಲಿಲ್ಲದ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಬಾಗಿಲು ಜೋಡಿಸಿದವರು, ಟೈರು ಹೊತ್ತವರು, ಕೊಟ್ಟಕೊನೆಗೆ ತಮ್ಮ ತಂದೆ. ಕಾಗದವಿಲ್ಲದೆ ಹೇಳಿದರು. ಆಮೇಲೆ ಹೋಗಿ ತಮ್ಮ ಬೇಸ್ ಎತ್ತಿಕೊಂಡರು.

ಸಿಂಫನಿ ನಮ್ಮಲ್ಲಿ ಬಹಳ ಜನ ಕೇಳಿದ್ದೇ ಅವತ್ತು. ಒಂದು ಭಾಗ ಮುಗಿದಾಗ ಚಪ್ಪಾಳೆ ಹೊಡೆಯಬಾರದು ಅನ್ನುವ ಪದ್ಧತಿ ಯಾರಿಗೆ ಗೊತ್ತು? ಹೊಡೆದರು. ಹಳೆಯ ಕೇಳುಗರು ತಿರುಗಿ ನೋಡಿ, ಸ್ವಲ್ಪ ತಡೆದು, ತಾವೂ ಹೊಡೆದರು. ಮಗುವೊಂದು ಅತ್ತಿತು, ಅಮ್ಮ ಎತ್ತಿಕೊಂಡು ಹೊರಗೆ ಹೋದಳು. ಕೊನೆಯ ಭಾಗದಲ್ಲಿ ಪಿಟೀಲುಗಳೆಲ್ಲ ತಗ್ಗಿ, ಫಲಕ್ ಒಬ್ಬಳೇ ಊದುವ ಕಡೆ ಅವಳು ಎದ್ದು ನಿಂತಳು. ಹಾಗೆ ನಿಲ್ಲುವ ಪದ್ಧತಿಯಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ನಿಂತು ಊದಿ ಅಭ್ಯಾಸವಾಗಿತ್ತೋ, ಬೇಕೆಂದೇ ನಿಂತಳೋ. ಆ ಸ್ವರ ನೇರವಾಗಿ ಹಿಂದಿನ ಗೋಡೆಗೆ ಹೋಗಿ ತಾಕಿತು. ಪಕ್ಕದ ಟ್ರಂಪೆಟ್‌ನವನೂ ಎದ್ದ, ಹಾರ್ನ್‌ನವರು ಎದ್ದರು, ಮುಗಿಯುವಷ್ಟರಲ್ಲಿ ಕೂತೇ ನುಡಿಸಬೇಕಾದವರನ್ನು ಬಿಟ್ಟು ಇಡೀ ಆರ್ಕೆಸ್ಟ್ರಾ ನಿಂತಿತ್ತು. ಕಡೆಯ ಸಾಲಿನಲ್ಲಿ ಅಲೀಮ್ ಅವರೂ ನಿಂತಿದ್ದನ್ನು ನಾನು ನೋಡಿದೆ. ಚಪ್ಪಾಳೆ ಹೊಡೆಯುತ್ತಿರಲಿಲ್ಲ, ಸುಮ್ಮನೆ ನಿಂತಿದ್ದರು.

ಆಮೇಲೆ ಊಟ. ಒಬ್ಬಟ್ಟು, ಪುಳಿಯೋಗರೆ, ಕೋಸಂಬರಿ. ಸಾಲು ಬಾಗಿಲಾಚೆ ಹೋಗಿತ್ತು. ಅಷ್ಟರಲ್ಲಿ ಅಲೀಮ್ ಅವರು ಬಂದು ಊಟದ ಮೇಜಿಗೆ ಅಡ್ಡವಾಗಿ ನಿಂತರು.

"ಒಂದ್ ನಿಮಿಷ ನಿಲ್ರಿ. ಮೊದಲ ಊದಿದವರು ಉಣ್ಣಲಿ."

"ಅವರಿನ್ನೂ ಸಾಮಾನು ಪ್ಯಾಕ್ ಮಾಡ್ತಿದಾರೆ ಅಲೀಮ್ ಅವರೇ" ಅಂದರು ಮನೋಹರ್. "ಎಲ್ಲ ಆದಮೇಲೆ ಕರೆಯೋಣ."

"ಆದಮ್ಯಾಲೆ ಅನ್ನೂದನ್ನ ನಾ ಭಾಳ ಕೇಳೀನ್ರಿ!" ಆ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನಮ್ಮಪ್ಪ ಗದಗಿನ್ಯಾಗ ಮದುವಿ ಬ್ಯಾಂಡ್ ಬಾರಸ್ತಿದ್ದ. ನಾ ಸಣ್ಣಾಂವ, ಡ್ರಮ್ ಹೊತ್ಕೊಂಡು ಜೋಡಿ ಹೋಗ್ತಿದ್ದೆ. ಬಿಸಲಾಗ ಊರ ತುಂಬ ಊದಿಸಿ, ಉಣ್ಣಾಕ ಕಡೀ ಪಂಕ್ತಿ. ಅದೂ ಹಿತ್ತಲದಾಗ. ಅವನೂ ಕಲಾವಿದನ ಇದ್ದ, ಆದ್ರ ಅವಂಗ ಯಾರೂ ಹಂಗ ಅನ್ನಲಿಲ್ಲ. ಇವತ್ತ ನನ್ನ ಮಗಳು ಊದ್ಯಾಳ. ಆಕಿ, ಆಕಿ ಜೋಡಿ ನುಡಿಸಿದವರು ಮೊದಲ ಉಣ್ತಾರ. ಅದು ಆಗೂತನಾ ನಾ ಇಲ್ಲಿಂದ ಸರಿಯಂಗಿಲ್ಲ."

ಸರಿಯಲೂ ಇಲ್ಲ. ವಾದಕರು ಬಂದರು. ತಟ್ಟೆಗಳನ್ನು ಅಲೀಮ್ ಅವರೇ ಎತ್ತಿ ಎತ್ತಿ ಕೊಟ್ಟರು, ವಾಲ್ಟರ್‌ಗೆ ಎರಡು ಒಬ್ಬಟ್ಟು ಹಾಕಿದರು. ಫಲಕ್ ಎದುರಿಗೆ ಬಂದಳು. "ತುಪ್ಪ ಹಾಕ್ಲೇನು?" ಅಂದರು. "ಹಾಕಿ ಅಬ್ಬಾ" ಅಂದಳು. ಅಷ್ಟೇ ಆಗಿದ್ದು.

ಮಂಡಳಿಯ ಕಛೇರಿಯೂ ಅವತ್ತು ನಡೆಯಿತು. ಡೆಸ್ ಪ್ಲೇನ್ಸ್‌ನಿಂದ ಹಿಂದಕ್ಕೆ ಹೋದವರು ಹೆಚ್ಚು ಜನವಲ್ಲ, ಆದರೂ ದೊಡ್ಡ ಕೃತಿ ಬಿಟ್ಟು ಚಿಕ್ಕದನ್ನು ನುಡಿಸಬೇಕಾಯಿತು. ಫಲಕಳ ಕುರ್ಚಿಯಲ್ಲಿ ಋಷಿಯೇ ಕೂತಿದ್ದ. ಪತ್ರಿಕೆ ಅವನನ್ನು ಹೊಗಳಿತು, ನಮ್ಮ ಯುಗಾದಿಯ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಮುಂದಿನ ವರ್ಷ ಮಂಡಳಿ, ಇನ್ನು ಕೈಲಾಗದು ಅಂತ ಆರ್ಕೆಸ್ಟ್ರಾವನ್ನೇ ಮುಚ್ಚಿತು. ಹಾಲ್ ಈಗ ಕಂಪನಿಗಳ ಪಾರ್ಟಿಗೆ ಬಾಡಿಗೆಗೆ ಸಿಗುತ್ತದೆ. ಹೆಸರು ಮಂಡಳಿಯದು, ವಾದಕರು ಬಳಸುವಂತಿಲ್ಲ ಅಂತ ಕೋರ್ಟೂ ಹೇಳಿತು. ಅಷ್ಟರಲ್ಲಿ ಹಲವರು ಬೇರೆ ಊರುಗಳಲ್ಲಿ ಕೆಲಸ ಹುಡುಕಿಕೊಂಡು ಹೋಗಿದ್ದರು. ಅವರನ್ನು ಫಲಕ್ ಬೈಯುವುದಿಲ್ಲ, ಬೈದವರಿಗೆ ಸೊಪ್ಪೂ ಹಾಕುವುದಿಲ್ಲ.

ಉಳಿದವರು ಯೂನಿಯನ್ ಹಾಲ್ ಸಿಂಫನಿ ಅಂತ ಹೊಸ ಹೆಸರು ಇಟ್ಟುಕೊಂಡಿದ್ದಾರೆ. ಮಂಡಳಿ ಇಲ್ಲ. ಏನು ನುಡಿಸಬೇಕು, ಯಾವ ಊರಿಗೆ ಹೋಗಬೇಕು ಎಲ್ಲ ಅವರೇ ಕೂತು, ಜಗಳಾಡಿ, ಕೈ ಎತ್ತಿ ತೀರ್ಮಾನ ಮಾಡುತ್ತಾರೆ. ಹಾಗೆ ಕೈ ಎತ್ತಿಯೇ ಫಲಕಳನ್ನು ಮೊದಲ ಟ್ರಂಪೆಟ್ ಮಾಡಿದರು. ಹಗಲು ಅವಳು ಮಿಡ್ಲ್ ಸ್ಕೂಲಿನಲ್ಲಿ ಬ್ಯಾಂಡ್ ಕಲಿಸುತ್ತಾಳೆ. ಅಲೀಮ್ ಅವರು ಒಂದು ಕಛೇರಿಯನ್ನೂ ತಪ್ಪಿಸುವುದಿಲ್ಲ. ಕಾರಿನಲ್ಲಿ ಹೋಗುತ್ತ ಬರುತ್ತ, ಹಿಂಗಾದ್ರ ಹೆಂಗ, ಒಂದು ಖಾಯಂ ಕೆಲಸ ನೋಡು ಅಂತ ಗೊಣಗುವುದನ್ನೂ ತಪ್ಪಿಸುವುದಿಲ್ಲ. ಅವಳು ಕಿಟಕಿ ಇಳಿಸಿಕೊಂಡು ಕೂರುತ್ತಾಳೆ.

ಕಳೆದ ಅಕ್ಟೋಬರಿನಲ್ಲಿ ಡೆಟ್ರಾಯ್ಟಿನ ವರದಿಗಾರನೊಬ್ಬ ಬಂದಿದ್ದ. ಸೋತ ಹೋರಾಟಗಳ ಬಗ್ಗೆ ಬರೆಯುತ್ತಿದ್ದೇನೆ, ನೀವು ಮಾತಾಡಬಹುದೇ ಅಂತ ಕೇಳಿದ.

"ಯಾರು ಸೋತಿದ್ದು?" ಅಂದಳು ಫಲಕ್.

"ಹಾಲ್ ಹೋಯಿತು, ಹೆಸರು ಹೋಯಿತು..."

"ಗುರುವಾರ ರಿಹರ್ಸಲ್ ಇದೆ. ಬಂದು ಕೂತು ಕೇಳಿ. ಆಮೇಲೆ ಬರೆಯಿರಿ."

ಗುರುವಾರ ಅವನು ಬರಲಿಲ್ಲ. ರಿಹರ್ಸಲ್ ನಡೆಯಿತು.